ಎತ್ತಿಗೆ ಜ್ವರ, ಎಮ್ಮೆಗೆ ಬರೆ: ದುಬಾರಿ ಕಾರಿನ ಬ್ರೇಕ್ ಡಿಸ್ಕ್ ಬೇಗ ಸವೆಯುವುದು ಯಾಕೆ?

ಕೆಲವು ವರ್ಷ ಓಡಿದ ಬಿಎಂಡಬ್ಲ್ಯು, ಆಡಿ, ಮರ್ಸಿಡಿಸ್ ಕಾರುಗಳು ಈಗ ಹೊಸ ಮಧ್ಯಮ ದರ್ಜೆಯ ಕಾರಿನ ಬೆಲೆಗೇ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತವೆ. ಕೊಂಡವರಿಗೆ ನಿಜವಾದ ಬೆಲೆ ಗೊತ್ತಾಗುವುದು ಮೊದಲ ಸರ್ವಿಸ್ ದಿನ. "ಸರ್, ನಾಲ್ಕೂ ಡಿಸ್ಕ್ ಹೋಗಿದೆ, ಪ್ಯಾಡ್ ಸಮೇತ ಬದಲಾಯಿಸಬೇಕು" ಅನ್ನುವ ಒಂದು ಸಾಲು ಸಾಕು, ತಿಂಗಳ ಸಂಬಳ ಮಾಯ. ಮಾಲೀಕ ಕೇಳುತ್ತಾನೆ: "ಇಪ್ಪತ್ತು ಸಾವಿರ ಕಿ.ಮೀ. ಕೂಡ ಓಡಿಲ್ಲವಲ್ಲ, ಇಷ್ಟು ಬೇಗ ಹೇಗೆ ಹೋಯ್ತು?" ಉತ್ತರ ಬರುವುದಿಲ್ಲ. ಹೊಸ ಡಿಸ್ಕ್ ಬರುತ್ತದೆ, ಮುಂದಿನ ವರ್ಷ ಅದೂ ಹೋಗುತ್ತದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನೋ ಗಾದೆ ಇದಕ್ಕೇ ಹೇಳಿ ಮಾಡಿಸಿದ ಹಾಗಿದೆ. ಬೇಗ ಸವೆದ ಡಿಸ್ಕ್ ಬಹಳ ಸಲ ತಪ್ಪು ಮಾಡಿದ ಭಾಗ ಅಲ್ಲ, ಬೇರೆ ಯಾವುದೋ ಭಾಗದ ತಪ್ಪನ್ನು ಮೈಮೇಲೆ ಬರೆಸಿಕೊಂಡ ಭಾಗ. ಆ ಬರಹವನ್ನು ಓದೋಕೆ ಮೈಕ್ರೋಮೀಟರ್, ಡಯಲ್ ಗೇಜ್ ಮತ್ತು ನಾವು ಎರಡನೇ ವರ್ಷದಲ್ಲಿ ಕಲಿತ ಸ್ವಲ್ಪ ಭೌತಶಾಸ್ತ್ರ ಸಾಕು. ಹೇಗೆ ಅಂತ ಒಂದೊಂದಾಗಿ ನೋಡೋಣ.

ಮೊದಲು ಶಕ್ತಿಯ ಲೆಕ್ಕ

ಡಿಸ್ಕ್ ಬ್ರೇಕ್ ಹೊಸ ವಿಷಯವೇನಲ್ಲ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದರು. 1953ರಲ್ಲಿ ಡಿಸ್ಕ್ ಬ್ರೇಕ್ ಹಾಕಿದ್ದ ಜಾಗ್ವಾರ್ ಸಿ-ಟೈಪ್ ಕಾರು ಲೆ ಮಾನ್ 24 ಗಂಟೆಗಳ ರೇಸ್ ಗೆದ್ದ ಮೇಲೆ ಇಡೀ ಜಗತ್ತು ಅದರ ಕಡೆ ತಿರುಗಿತು. ಡ್ರಮ್ ಬ್ರೇಕ್ ಬಿಸಿಯನ್ನು ಡಬ್ಬಿಯೊಳಗೆ ಕೂಡಿ ಹಾಕುತ್ತದೆ, ಡಿಸ್ಕ್ ಗಾಳಿಗೆ ತೆರೆದುಕೊಂಡಿದ್ದು ಬಿಸಿಯನ್ನು ಹೊರಗೆ ಬಿಡುತ್ತದೆ. ಅದರ ಗೆಲುವಿನ ಗುಟ್ಟು ಇಷ್ಟೇ.

ಈಗ ಒಂದು ಕಾರು ತಗೊಳ್ಳಿ. ಜನರನ್ನೂ ಸೇರಿಸಿ ತೂಕ 2200 ಕೆ.ಜಿ. ಇದು ದೊಡ್ಡ ಲಕ್ಷುರಿ ಸೆಡಾನ್ ಅಥವಾ ಎಸ್‌ಯುವಿಗೆ ಸಾಮಾನ್ಯ ತೂಕ. ವೇಗ ಗಂಟೆಗೆ 100 ಕಿ.ಮೀ., ಅಂದರೆ ಸೆಕೆಂಡಿಗೆ 27.8 ಮೀಟರ್.

ಚಲನ ಶಕ್ತಿ = ½ × 2200 × 27.8² ≈ 850 ಕಿಲೋಜೂಲ್

ಕಾರನ್ನು ಮೂರೂವರೆ ಸೆಕೆಂಡಿನಲ್ಲಿ ನಿಲ್ಲಿಸಿದರೆ ಬ್ರೇಕ್‌ಗಳ ಸರಾಸರಿ ಸಾಮರ್ಥ್ಯ ಸುಮಾರು 240 ಕಿಲೋವ್ಯಾಟ್, ಅಂದರೆ 320 ಹಾರ್ಸ್‌ಪವರ್. ಎಷ್ಟೋ ಕಾರುಗಳ ಎಂಜಿನ್‌ಗೆ ಇರುವುದಕ್ಕಿಂತ ಬ್ರೇಕ್‌ಗೆ ಇರುವ ಪವರ್ರೇ ಹೆಚ್ಚು!

ಇದರಲ್ಲಿ ಸುಮಾರು ಶೇ. 70 ಮುಂದಿನ ಚಕ್ರಗಳ ಪಾಲು ಅಂದುಕೊಳ್ಳಿ. ಒಂದು ಮುಂದಿನ ಡಿಸ್ಕ್‌ಗೆ ಸುಮಾರು 300 ಕಿಲೋಜೂಲ್ ಬೀಳುತ್ತದೆ. ಡಿಸ್ಕ್ ತೂಕ 10 ಕೆ.ಜಿ., ಬೀಡುಕಬ್ಬಿಣದ ವಿಶಿಷ್ಟೋಷ್ಣ ಅಂದಾಜು 0.5 ಕಿಲೋಜೂಲ್ ಪ್ರತಿ ಕೆ.ಜಿ. ಪ್ರತಿ ಡಿಗ್ರಿಗೆ. ಒಂದೇ ನಿಲುಗಡೆಗೆ ಡಿಸ್ಕ್ ಬಿಸಿ 60 ಡಿಗ್ರಿಯಷ್ಟು ಏರುತ್ತದೆ. ತಣ್ಣಗಾಗಲು ಬಿಡದೆ ಐದಾರು ಸಲ ಹೀಗೆ ನಿಲ್ಲಿಸಿದರೆ 300 ಡಿಗ್ರಿ ದಾಟುತ್ತದೆ.

ಘಾಟಿಯ ಲೆಕ್ಕ ಇನ್ನೂ ಜೋರು. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಹಾಗೆ ಸುಮಾರು 500 ಮೀಟರ್ ಎತ್ತರ ಕಳೆದುಕೊಳ್ಳುವಾಗ ಇದೇ ಕಾರಿನ ಸ್ಥಾನ ಶಕ್ತಿ 10.8 ಮೆಗಾಜೂಲ್ ಕಡಿಮೆಯಾಗುತ್ತದೆ. ಗಾಳಿ, ಟೈರ್, ಎಂಜಿನ್ ಯಾವುದೂ ಸಹಾಯಕ್ಕೆ ಬರಲಿಲ್ಲ ಅಂದುಕೊಂಡರೆ ಅದು 100ರ ವೇಗದಿಂದ ಸುಮಾರು 13 ಸಲ ನಿಲ್ಲಿಸಿದ್ದಕ್ಕೆ ಸಮ. ಆಟೋಮ್ಯಾಟಿಕ್ ಗೇರನ್ನು ಡ್ರೈವ್‌ನಲ್ಲೇ ಬಿಟ್ಟು, ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಘಾಟಿ ಇಳಿಯುವವರು ಇದರ ಬಹುಪಾಲನ್ನು ಡಿಸ್ಕ್ ಮೇಲೇ ಸುರಿಯುತ್ತಾರೆ.

ಕಿಲೋಮೀಟರ್ ಅನ್ನುವ ತಪ್ಪು ಅಳತೆ

ಸವೆತಕ್ಕೆ ನಾವು ಓದುವ ಸೂತ್ರ 1953ರಲ್ಲಿ ಆರ್ಚರ್ಡ್ ಪ್ರಕಟಿಸಿದ್ದು:

ಸವೆದ ಗಾತ್ರ = ಸವೆತದ ಗುಣಾಂಕ × ಒತ್ತುವ ಬಲ × ಜಾರಿದ ದೂರ ÷ ಗಡಸುತನ

ಬ್ರೇಕ್‌ನಲ್ಲಿ ಬಿಸಿಯಾಗುವ ಶಕ್ತಿ = ಘರ್ಷಣೆಯ ಗುಣಾಂಕ × ಒತ್ತುವ ಬಲ × ಜಾರಿದ ದೂರ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. 'ಬಲ × ದೂರ' ಎರಡರಲ್ಲೂ ಇದೆ. ಹಾಗಾಗಿ ಉಳಿದವು ಬದಲಾಗದಿದ್ದರೆ ಸವೆತ ನೇರವಾಗಿ ಬ್ರೇಕ್ ತಿಂದ ಶಕ್ತಿಗೆ ಅನುಪಾತದಲ್ಲಿರುತ್ತದೆ. ಓಡಿದ ಕಿಲೋಮೀಟರ್ ಈ ಸೂತ್ರದಲ್ಲಿ ಎಲ್ಲೂ ಇಲ್ಲ.

ಇದರ ಪರಿಣಾಮ ನೋಡಿ. ನಗರದ ಟ್ರಾಫಿಕ್‌ನಲ್ಲಿ 40ರ ವೇಗದಿಂದ ಒಂದು ಸಲ ನಿಂತರೆ ನಮ್ಮ ಕಾರು 136 ಕಿಲೋಜೂಲ್ ಬ್ರೇಕ್‌ಗೆ ಕೊಡುತ್ತದೆ. ಕಿ.ಮೀ.ಗೆ ಎರಡು ಸಲದಂತೆ 20 ಕಿ.ಮೀ. ದಾರಿಯಲ್ಲಿ 40 ಸಲ ನಿಂತರೆ 5.4 ಮೆಗಾಜೂಲ್. ಅದೇ 20 ಕಿ.ಮೀ. ಹೆದ್ದಾರಿಯಲ್ಲಿ ಎರಡು ಸಲ 100ರಿಂದ 60ಕ್ಕೆ ಇಳಿಸಿದರೆ ಬರೀ 1.1 ಮೆಗಾಜೂಲ್. ದೂರ ಒಂದೇ, ಬ್ರೇಕ್‌ನ ಕೆಲಸ ಐದು ಪಟ್ಟು. ಬೆಂಗಳೂರಿನ ಸಿಲ್ಕ್ ಬೋರ್ಡ್ ಕಡೆ ದಿನಾ ಓಡಾಡುವ ಕಾರಿನ 20,000 ಕಿ.ಮೀ.ಯನ್ನು ಹೆದ್ದಾರಿಯಲ್ಲೇ ಓಡುವ ಕಾರಿನ 20,000ಕ್ಕೆ ಹೋಲಿಸಿ 'ಬೇಗ ಸವೆಯಿತು' ಅನ್ನುವುದರಲ್ಲಿ ಅರ್ಥವೇ ಇಲ್ಲ.

ಅದೇ ರೀತಿ 1100 ಕೆ.ಜಿ. ಕಾರಿನ ಜೊತೆ ಹೋಲಿಕೆಯೂ ಹುಷಾರಾಗಿ ಮಾಡಬೇಕು. ತೂಕ ಎರಡು ಪಟ್ಟಾದರೆ ಶಕ್ತಿಯೂ ಎರಡು ಪಟ್ಟು. ದೊಡ್ಡ ಡಿಸ್ಕ್ ಇರುವುದೇ ಅದಕ್ಕೆ.

ಎಷ್ಟು ಸವೆದರೆ ಮುಗಿಯಿತು?

ಪ್ರತಿ ಡಿಸ್ಕ್‌ನ ಅಂಚಿನಲ್ಲೋ ನಡುವಿನ ಟೋಪಿಯಂಥ ಭಾಗದಲ್ಲೋ ಕನಿಷ್ಠ ದಪ್ಪ ಕೆತ್ತಿರುತ್ತಾರೆ. 30 ಮಿ.ಮೀ. ಹೊಸ ಡಿಸ್ಕ್, 28.4 ಮಿ.ಮೀ. ಕನಿಷ್ಠ ಅನ್ನುವ ಜೋಡಿ ಬಿಎಂಡಬ್ಲ್ಯು ಕಾರುಗಳಲ್ಲಿ ಕಾಣಸಿಗುತ್ತದೆ. ಅಂದರೆ ಇಡೀ ಡಿಸ್ಕ್‌ನ ಆಯುಷ್ಯ ಎರಡೂ ಮುಖ ಸೇರಿ 1.6 ಮಿ.ಮೀ., ಮುಖಕ್ಕೆ 0.8. ಎಟಿಎಂ ಕಾರ್ಡಿನ ದಪ್ಪಕ್ಕೆ ಹತ್ತಿರದ ಅಳತೆ ಇದು. ಬರಿಗಣ್ಣಿಗೆ 'ಚೆನ್ನಾಗೇ ಇದೆಯಲ್ಲ' ಅನ್ನಿಸುವ ಡಿಸ್ಕ್ ಮುಗಿದಿರಬಹುದು, 'ಗೆರೆ ಬಿದ್ದಿದೆ' ಅಂತ ಎಸೆಯಲು ಹೊರಟ ಡಿಸ್ಕ್‌ಗೆ ಇನ್ನೂ ಅರ್ಧ ಆಯುಷ್ಯ ಇರಬಹುದು.

ಇಷ್ಟು ಸಣ್ಣ ಸಂಖ್ಯೆ ಅಂತ ಉದಾಸೀನ ಮಾಡೋಹಾಗಿಲ್ಲ. 348 ಮಿ.ಮೀ. ವ್ಯಾಸದ ಡಿಸ್ಕ್‌ನಲ್ಲಿ ಪ್ಯಾಡ್ ಉಜ್ಜುವ ಪಟ್ಟಿಯ ಒಳ ತ್ರಿಜ್ಯ 110 ಮಿ.ಮೀ. ಅಂದುಕೊಂಡು ಲೆಕ್ಕ ಹಾಕಿದರೆ 1.6 ಮಿ.ಮೀ. ಸವೆತಕ್ಕೆ ಸುಮಾರು 650 ಗ್ರಾಂ ಕಬ್ಬಿಣ ಹೋಗಿರುತ್ತದೆ. ಗಾಳಿ ಸಂದಿ ಇರುವ 30 ಮಿ.ಮೀ. ಡಿಸ್ಕ್‌ನಲ್ಲಿ ನಿಜವಾದ ಲೋಹದ ದಪ್ಪ ಎರಡು ಫಲಕ ಸೇರಿ ಅಂದಾಜು 18 ಮಿ.ಮೀ. ಅದರಲ್ಲಿ 1.6 ಹೋದರೆ ಬಿಸಿ ಹಿಡಿಯುವ ಶಕ್ತಿ ಶೇ. 9ರಷ್ಟು ಕಡಿಮೆ. ಅದೇ ಘಾಟಿ, ಅದೇ ಕಾರು, ಆದರೆ ಡಿಸ್ಕ್ ಇನ್ನಷ್ಟು ಬಿಸಿ. ಬಿಸಿ ಏರಿದರೆ ಪ್ಯಾಡ್‌ನ ರಾಳ ಒಡೆಯುತ್ತದೆ, ಘರ್ಷಣೆ ಇಳಿಯುತ್ತದೆ, ಬಿರುಕು ಬೀಳುವ ಸಾಧ್ಯತೆ ಏರುತ್ತದೆ. ಕನಿಷ್ಠ ದಪ್ಪ ಅನ್ನೋದು ಕಂಪನಿಯ ವ್ಯಾಪಾರದ ತಂತ್ರ ಅಂತ ಹೇಳುವವರು ಈ ಲೆಕ್ಕ ಒಮ್ಮೆ ಮಾಡಲಿ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಇಂಥ ಕಾರುಗಳ ಡ್ಯಾಶ್‌ಬೋರ್ಡ್‌ನಲ್ಲಿ ಬರುವ ಬ್ರೇಕ್ ಎಚ್ಚರಿಕೆ ಪ್ಯಾಡ್‌ನದ್ದು. ಪ್ಯಾಡ್ ತೆಳುವಾದಾಗ ಒಳಗಿನ ತಂತಿ ಉಜ್ಜಿ ತುಂಡಾಗುತ್ತದೆ, ದೀಪ ಹತ್ತುತ್ತದೆ. ಡಿಸ್ಕ್‌ನ ದಪ್ಪ ಅಳೆಯುವ ಸೆನ್ಸರ್ ಅಲ್ಲಿ ಇಲ್ಲ. ಹೊಸ ಪ್ಯಾಡ್ ಹಾಕಿದ ತಕ್ಷಣ ದೀಪ ಆರುತ್ತದೆ, ಡಿಸ್ಕ್ ಕನಿಷ್ಠಕ್ಕಿಂತ ಕೆಳಗಿದ್ದರೂ! ಹಳೆ ಕಾರು ಕೊಳ್ಳುವವರು ದೀಪ ನಂಬಿದರೆ ಕೆಟ್ಟರು.

ಕೆಲವು ಸವೆತ ವಿನ್ಯಾಸದಲ್ಲೇ ಇದೆ

ಜರ್ಮನಿಯ ಆಟೋಬಾನ್‌ನ ಹಲವು ಭಾಗಗಳಲ್ಲಿ ವೇಗ ಮಿತಿಯೇ ಇಲ್ಲ. 200ರ ಮೇಲೆ ಓಡುವ ಭಾರಿ ಕಾರನ್ನು ನಿಲ್ಲಿಸಲು ಬಿಸಿಯಲ್ಲೂ ಹಿಡಿತ ಬಿಡದ ಪ್ಯಾಡ್ ಬೇಕು. ಅದಕ್ಕೆ ಯುರೋಪಿನ ಕಾರುಗಳಲ್ಲಿ 'ಲೋ ಮೆಟಾಲಿಕ್' ಪ್ಯಾಡ್‌ಗಳ ಬಳಕೆ ಹೆಚ್ಚು. ಉಕ್ಕಿನ ನಾರು ಮತ್ತು ಅಪಘರ್ಷಕ ಕಣಗಳಿರುವ ಈ ಪ್ಯಾಡ್ ಡಿಸ್ಕನ್ನು ಉಜ್ಜಿ ಉಜ್ಜಿಯೇ ಹಿಡಿಯುತ್ತದೆ. ಹಿಡಿತ ಗಟ್ಟಿ, ಆದರೆ ಡಿಸ್ಕ್ ಜಾಸ್ತಿ ಸವೆಯುತ್ತದೆ, ಅಲಾಯ್ ವೀಲ್ ಮೇಲೆ ಕಪ್ಪು ಧೂಳು ಕೂರುತ್ತದೆ. ಜಪಾನ್ ಮತ್ತು ಅಮೆರಿಕದ ಮಾರುಕಟ್ಟೆಯಲ್ಲಿ ಲೋಹದ ನಾರು ಕಡಿಮೆ ಇರುವ, ಮೆತ್ತಗಿನ, ಸದ್ದು ಕಡಿಮೆ ಮಾಡುವ ಪ್ಯಾಡ್‌ಗಳಿಗೆ ಆದ್ಯತೆ. ಅವು ಡಿಸ್ಕ್ ಮೇಲೆ ತೆಳುವಾದ ಪದರ ಹರಡಿ, ಆ ಪದರದ ಮೇಲೆ ಹಿಡಿಯುತ್ತವೆ. ಡಿಸ್ಕ್ ಹೆಚ್ಚು ಬಾಳುತ್ತದೆ.

ಹಾಗಾಗಿ ಎರಡು ಸೆಟ್ ಪ್ಯಾಡ್‌ಗೆ ಒಂದು ಸೆಟ್ ಡಿಸ್ಕ್ ಹೋಗುವ ಜರ್ಮನ್ ಕಾರು ರೋಗಿಷ್ಟ ಅಲ್ಲ. ಪ್ಯಾಡ್‌ನಂತೆ ಡಿಸ್ಕ್ ಕೂಡ ಖರ್ಚಾಗುವ ವಸ್ತು ಅನ್ನುವ ತೀರ್ಮಾನದ ಮೇಲೇ ಅದರ ವಿನ್ಯಾಸ ನಿಂತಿದೆ. ನಾವು ಹುಡುಕಬೇಕಾದ್ದು ಈ ಸಹಜ ಸವೆತದ ಆಚೆಗಿನದನ್ನು.

ಮೂರು ಕಾಯಿಲೆ, ಒಂದೇ ಹೆಸರು

'ಡಿಸ್ಕ್ ಹೋಗಿದೆ' ಅನ್ನುವ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಸಂಗತಿ ಅಡಗಿವೆ.

ಒಂದು, ಎಡ-ಬಲ, ಒಳ-ಹೊರ ಎಲ್ಲ ಕಡೆ ಸಮನಾಗಿ ತೆಳುವಾಗಿರುವುದು. ಇದು ತೂಕ, ಟ್ರಾಫಿಕ್, ಪ್ಯಾಡ್ ಜಾತಿ, ಓಡಿಸುವ ರೀತಿಯ ಫಲ.

ಎರಡು, ಒಂದು ಚಕ್ರದಲ್ಲಿ ಅಥವಾ ಒಂದು ಮುಖದಲ್ಲಿ ಮಾತ್ರ ಹೆಚ್ಚು ಸವೆತ. ಇಲ್ಲಿ ಅಪರಾಧಿ ಕ್ಯಾಲಿಪರ್.

ಮೂರು, ಸರಾಸರಿ ದಪ್ಪ ಚೆನ್ನಾಗಿದ್ದರೂ ಸುತ್ತಿನುದ್ದಕ್ಕೂ ದಪ್ಪ ಒಂದೇ ಸಮ ಇಲ್ಲದಿರುವುದು. ಬ್ರೇಕ್ ಹಾಕಿದಾಗ ಸ್ಟೇರಿಂಗ್ ನಡುಗುತ್ತದೆ, ಪೆಡಲ್ ಕಾಲಿಗೆ ಗುದ್ದುತ್ತದೆ. ಗ್ಯಾರೇಜಿನ ಭಾಷೆಯಲ್ಲಿ 'ಡಿಸ್ಕ್ ಬೆಂಡ್'.

ಎರಡು ಮತ್ತು ಮೂರನ್ನು ಸ್ವಲ್ಪ ಬಿಡಿಸಿ ನೋಡೋಣ.

ಕ್ಯಾಲಿಪರ್ ಕೈಬಿಡದಿದ್ದರೆ

ಪೆಡಲ್‌ನಿಂದ ಕಾಲು ತೆಗೆದಾಗ ಪಿಸ್ಟನ್ ಹಿಂದೆ ಸರಿಯುವುದು ಯಾವುದೋ ಸ್ಪ್ರಿಂಗ್‌ನಿಂದ ಅಲ್ಲ. ಪಿಸ್ಟನ್ ಸುತ್ತ ಇರುವ ಚೌಕಾಕಾರದ ರಬ್ಬರ್ ಸೀಲ್ ಬ್ರೇಕ್ ಒತ್ತಿದಾಗ ಸ್ವಲ್ಪ ತಿರುಚಿಕೊಳ್ಳುತ್ತದೆ, ಬಿಟ್ಟಾಗ ತನ್ನ ಆಕಾರಕ್ಕೆ ಮರಳುತ್ತಾ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆಳೆಯುತ್ತದೆ. ಸೀಲ್ ಗಟ್ಟಿಯಾದರೆ, ಪಿಸ್ಟನ್‌ಗೆ ತುಕ್ಕು ಹಿಡಿದರೆ, ಆ ಕೂದಲೆಳೆಯ ಸಂದಿ ಸಿಗುವುದಿಲ್ಲ. ಪ್ಯಾಡ್ ಸದಾ ಉಜ್ಜುತ್ತಲೇ ಇರುತ್ತದೆ. ಹಳೆಯ ರಬ್ಬರ್ ಹೋಸ್ ಒಳಗೆ ಊದಿಕೊಂಡರೂ ಹೀಗೇ ಆಗುತ್ತದೆ: ಒತ್ತಡ ಹೋಗುತ್ತದೆ, ವಾಪಸ್ ಬರುವುದಿಲ್ಲ.

ಒಂದೇ ಕಡೆ ಪಿಸ್ಟನ್ ಇರುವ ಫ್ಲೋಟಿಂಗ್ ಕ್ಯಾಲಿಪರ್‌ನಲ್ಲಿ ಇಡೀ ಕ್ಯಾಲಿಪರ್ ಪಿನ್‌ಗಳ ಮೇಲೆ ಜಾರಬೇಕು. ಪಿನ್‌ನ ಗ್ರೀಸ್ ಒಣಗಿ, ರಬ್ಬರ್ ಬೂಟ್ ಹರಿದು ಮಳೆಗಾಲದ ನೀರು ಒಳಗೆ ಹೋದರೆ ಅದು ಜಾಮ್ ಆಗುತ್ತದೆ. ಆಗ ಪಿಸ್ಟನ್ ಕಡೆಯ ಒಳ ಪ್ಯಾಡ್ ಮಾತ್ರ ಕೆಲಸ ಮಾಡುತ್ತದೆ. ಒಳ ಪ್ಯಾಡ್ 3 ಮಿ.ಮೀ., ಹೊರ ಪ್ಯಾಡ್ 7 ಮಿ.ಮೀ. ಇದ್ದರೆ ಇನ್ನು ಬೇರೆ ಸಾಕ್ಷಿ ಬೇಡ. ಹೊಸ ಡಿಸ್ಕ್ ಹಾಕಿ ಪಿನ್ ಬಿಟ್ಟರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಸುಲಭ ಪರೀಕ್ಷೆ: ಬ್ರೇಕ್ ಆದಷ್ಟು ಕಡಿಮೆ ಬಳಸಿ ಹತ್ತು ನಿಮಿಷ ಓಡಿಸಿ ನಿಲ್ಲಿಸಿ. ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಎಡ-ಬಲ ಡಿಸ್ಕ್‌ಗಳ ಬಿಸಿ ಹೋಲಿಸಿ. ಒಂದು ಕಡೆ ಮಾತ್ರ ತುಂಬಾ ಹೆಚ್ಚಿದ್ದರೆ ಆ ಕಡೆಯ ಕ್ಯಾಲಿಪರ್ ಬಿಚ್ಚಿ ನೋಡಬೇಕು. ಮುಟ್ಟಿ ನೋಡಲು ಹೋಗಬೇಡಿ, ಬೆರಳು ಸುಡುತ್ತದೆ.

ಡಿಸ್ಕ್ ನಿಜಕ್ಕೂ 'ಬೆಂಡ್' ಆಗುತ್ತದಾ?

ಬಹುತೇಕ ಸಲ ಇಲ್ಲ. ಡಿಸ್ಕ್ ಕೂರುವ ಹಬ್‌ನ ಮುಖದ ಮೇಲೆ 0.04 ಮಿ.ಮೀ. ದಪ್ಪದ ಒಂದು ತುಕ್ಕಿನ ಚಕ್ಕೆ ಉಳಿದಿದೆ ಅಂದುಕೊಳ್ಳಿ. ಹಬ್‌ನ ವ್ಯಾಸ 140 ಮಿ.ಮೀ., ಡಯಲ್ ಗೇಜ್ ಇಡುವ ಜಾಗದ ವ್ಯಾಸ 330 ಮಿ.ಮೀ. ಸಮರೂಪ ತ್ರಿಭುಜದ ಲೆಕ್ಕದಲ್ಲಿ 0.04 ಅನ್ನುವುದು ಹೊರ ಅಂಚಿನಲ್ಲಿ 0.09 ಮಿ.ಮೀ. ಓಲಾಟ ಆಗುತ್ತದೆ. ಸಾಮಾನ್ಯವಾಗಿ ಕೊಡುವ ಮಿತಿ 0.05 ಮಿ.ಮೀ. ಆಸುಪಾಸಿನಲ್ಲಿರುತ್ತದೆ. ಇಂಪ್ಯಾಕ್ಟ್ ಗನ್ನಿನಲ್ಲಿ ವೀಲ್ ಬೋಲ್ಟ್‌ಗಳನ್ನು ಹೇಗೆಂದರೆ ಹಾಗೆ ಬಿಗಿದರೂ ಇಂಥದ್ದೇ ಓಲಾಟ ಬರುತ್ತದೆ.

ಹೊಸ ಡಿಸ್ಕ್ ಹಾಕಿದ ದಿನ ಇದು ಗೊತ್ತೇ ಆಗುವುದಿಲ್ಲ, ಯಾಕಂದ್ರೆ ಓಲಾಡುವ ಡಿಸ್ಕ್ ಜೊತೆ ಕ್ಯಾಲಿಪರ್ ಕೂಡ ಓಲಾಡಿ ಹೊಂದಿಕೊಳ್ಳುತ್ತದೆ. ಆದರೆ ಬ್ರೇಕ್ ಹಾಕದೆ ಓಡುವಾಗ ಪ್ರತಿ ಸುತ್ತಿಗೂ ಡಿಸ್ಕ್‌ನ ಅದೇ ಜಾಗ ಪ್ಯಾಡ್‌ಗೆ ತಾಗುತ್ತಾ ಹೋಗುತ್ತದೆ. ಟೈರ್ ಸುತ್ತಳತೆ 2.1 ಮೀಟರ್ ಆದರೆ 1000 ಕಿ.ಮೀ.ಗೆ ಸುಮಾರು 4,76,000 ಸುತ್ತು. ಹನಿ ಹನಿ ಕೂಡಿದರೆ ಹಳ್ಳ. ಕೆಲವು ಸಾವಿರ ಕಿ.ಮೀ. ಆದ ಮೇಲೆ ತಾಗುವ ಜಾಗ ತೆಳುವಾಗಿ, ದಪ್ಪದಲ್ಲಿ 10ರಿಂದ 20 ಮೈಕ್ರಾನ್ ವ್ಯತ್ಯಾಸ ಬಂದಿರುತ್ತದೆ. ಅಷ್ಟು ಸಾಕು, ಸ್ಟೇರಿಂಗ್‌ನಲ್ಲಿ ನಡುಕ ಶುರು. ನೂರರ ವೇಗದಲ್ಲಿ ಚಕ್ರ ಸೆಕೆಂಡಿಗೆ 13 ಸುತ್ತು ತಿರುಗುವುದರಿಂದ ನಡುಕ 13 ಹರ್ಟ್ಸ್‌ನಿಂದ ಶುರುವಾಗಿ ವೇಗ ಇಳಿದಂತೆ ನಿಧಾನವಾಗುತ್ತದೆ. ಬ್ರೇಕ್ ಮುಟ್ಟದೆಯೂ ನಡುಗುತ್ತಿದ್ದರೆ ಅದು ವೀಲ್ ಬ್ಯಾಲೆನ್ಸ್ ಅಥವಾ ಟೈರಿನ ಕಥೆ, ಡಿಸ್ಕ್‌ನದ್ದಲ್ಲ.

ಇನ್ನೊಂದು ಕಾರಣ ಪ್ಯಾಡ್‌ನ ಅಚ್ಚು. ಘಾಟಿ ಇಳಿದು ಕಾದ ಡಿಸ್ಕ್ ಮೇಲೆ ಪ್ಯಾಡನ್ನು ಒತ್ತಿಕೊಂಡೇ ನಿಂತರೆ ಪ್ಯಾಡ್‌ನ ವಸ್ತು ಅಲ್ಲಿಗೆ ಅಂಟುತ್ತದೆ. ಶುರುವಿನಲ್ಲಿ ಕೆಲವು ಮಧ್ಯಮ ಒತ್ತಡದ ಬ್ರೇಕಿಂಗ್‌ನಿಂದ ಇದು ಉಜ್ಜಿ ಹೋಗಬಹುದು. ಬಿಟ್ಟರೆ ಅದೇ ಜಾಗ ಹೆಚ್ಚು ಬಿಸಿಯಾಗುತ್ತಾ, ಸುಮಾರು 700 ಡಿಗ್ರಿ ದಾಟಿದಾಗ ಬೀಡುಕಬ್ಬಿಣದ ರಚನೆಯೇ ಬದಲಾಗಿ ಗಡಸು ಮಚ್ಚೆಯಾಗುತ್ತದೆ. ಮೆಟೀರಿಯಲ್ಸ್ ಕ್ಲಾಸಿನಲ್ಲಿ ಬರೆದ ಕಬ್ಬಿಣ-ಇಂಗಾಲದ ಚಿತ್ರ ನೆನಪಿದೆಯಲ್ಲ? ಅದು ಇಲ್ಲಿ ಕೆಲಸಕ್ಕೆ ಬಂತು. ಗಡಸು ಮಚ್ಚೆ ಆಳಕ್ಕೂ ಇಳಿದಿರುವುದರಿಂದ ಲೇತ್‌ಗೆ ಹಾಕಿ ಮೇಲೆ ಸವರಿದರೆ ಮತ್ತೆ ಎದ್ದು ಬರುತ್ತದೆ. ಅಂಥ ಡಿಸ್ಕ್ ಬದಲಾಯಿಸುವುದೇ ಸರಿ.

ಕಂಪ್ಯೂಟರ್ ಕೂಡ ಬ್ರೇಕ್ ಒತ್ತುತ್ತದೆ

ಎಲೆಕ್ಟ್ರಾನಿಕ್ಸ್ ಬ್ರಾಂಚಿನ ಗೆಳೆಯರಿಗೂ ಇಲ್ಲಿ ಕೆಲಸ ಇದೆ. ಈ ಕಾರುಗಳಲ್ಲಿ ಬ್ರೇಕ್ ಒತ್ತುವುದು ಚಾಲಕನ ಕಾಲು ಮಾತ್ರ ಅಲ್ಲ. ಮುಂದಿನ ಗಾಡಿಯ ಅಂತರ ಕಾಯುವ ಕ್ರೂಸ್ ಕಂಟ್ರೋಲ್ ಒತ್ತುತ್ತದೆ. ತಿರುವಿನಲ್ಲಿ ಕಾರನ್ನು ಒಳಕ್ಕೆ ತಿರುಗಿಸಲು ಟಾರ್ಕ್ ವೆಕ್ಟರಿಂಗ್ ಒಳಗಿನ ಚಕ್ರವನ್ನು ಮೆಲ್ಲಗೆ ಹಿಡಿಯುತ್ತದೆ. ಮಳೆಯಲ್ಲಿ ವೈಪರ್ ಓಡುತ್ತಿದ್ದರೆ ಡಿಸ್ಕ್ ಒಣಗಿಸಲು ಪ್ಯಾಡನ್ನು ಆಗಾಗ ತಾಗಿಸುವ ವ್ಯವಸ್ಥೆ ಹಲವು ಕಾರುಗಳಲ್ಲಿದೆ. ಮೂತಿ ಕುಗ್ಗದ ಹಾಗೆ ಮೆಲ್ಲಗೆ ಬ್ರೇಕ್ ಹಾಕಿದಾಗ ಹಿಂದಿನ ಚಕ್ರಗಳಿಗೆ ಹೆಚ್ಚು ಪಾಲು ಕೊಡುವುದೂ ಉಂಟು. ಅದಕ್ಕೇ ಮುಂದಿನ ಪ್ಯಾಡ್ ಚೆನ್ನಾಗಿದ್ದು ಹಿಂದಿನದು ಮೊದಲು ಮುಗಿದರೆ ಗಾಬರಿ ಬೇಡ. ಆದರೆ ಒಂದು ವೀಲ್ ಸ್ಪೀಡ್ ಸೆನ್ಸರ್ ತಪ್ಪು ಹೇಳುತ್ತಿದ್ದರೆ ಕಂಪ್ಯೂಟರ್ ಬೇಡದಿದ್ದಾಗಲೂ ಒಂದು ಚಕ್ರ ಹಿಡಿಯಬಹುದು. ಸ್ಕ್ಯಾನರ್ ಹಾಕಿ ಫಾಲ್ಟ್ ಕೋಡ್ ಓದುವುದೂ ತಪಾಸಣೆಯ ಭಾಗ.

ಅಳೆಯುವ ಕ್ರಮ

1. ಕಾರನ್ನು ಜಾಕ್ ಮೇಲೆ ಬಿಡಬೇಡಿ, ಸ್ಟ್ಯಾಂಡ್ ಕೊಡಿ. ಹಿಂದಿನ ಚಕ್ರಕ್ಕೆ ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ ಮೊದಲು ಸರ್ವಿಸ್ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ಬೆರಳಿಗೆ ಅಪಾಯ.
2. ಬ್ರೇಕ್ ಧೂಳನ್ನು ಏರ್ ಗನ್ನಿನಿಂದ ಊದಬೇಡಿ. ಬ್ರೇಕ್ ಕ್ಲೀನರ್‌ನಲ್ಲಿ ಒದ್ದೆ ಮಾಡಿ ಒರೆಸಿ, ಮಾಸ್ಕ್ ಹಾಕಿ.
3. ವರ್ನಿಯರ್ ಕ್ಯಾಲಿಪರ್ ಬೇಡ. ಅಂಚಿನಲ್ಲಿ ಸವೆಯದೆ ಉಳಿದ ತುಟಿಯ ಮೇಲೆ ಅದು ಕೂತು ಹೆಚ್ಚು ದಪ್ಪ ತೋರಿಸುತ್ತದೆ. ಮೈಕ್ರೋಮೀಟರ್‌ನಿಂದ ಅಂಚಿಗಿಂತ 10ರಿಂದ 15 ಮಿ.ಮೀ. ಒಳಗೆ, 45 ಡಿಗ್ರಿಗೊಂದರಂತೆ 8 ಕಡೆ ಅಳೆಯಿರಿ.
4. ಡಿಸ್ಕನ್ನು ವೀಲ್ ಬೋಲ್ಟ್‌ಗಳಿಂದ ಹಬ್‌ಗೆ ಬಿಗಿದು ಡಯಲ್ ಗೇಜ್‌ನಿಂದ ಓಲಾಟ ನೋಡಿ.
5. ನಾಲ್ಕೂ ಪ್ಯಾಡ್‌ಗಳ ದಪ್ಪ, ಒಳ-ಹೊರ ಬೇರೆ ಬೇರೆ ಬರೆದುಕೊಳ್ಳಿ.

ಎರಡು ಕಾರು, ಎರಡು ತೀರ್ಪು

ಅಭ್ಯಾಸಕ್ಕೆ ಎರಡು ಕಾಲ್ಪನಿಕ ಕಾರು ತಗೊಳ್ಳೋಣ. ಎರಡರಲ್ಲೂ ಮುಂದಿನ ಡಿಸ್ಕ್ ಹೊಸದರಲ್ಲಿ 30.0, ಕನಿಷ್ಠ 28.4 ಮಿ.ಮೀ. ಎರಡೂ ಮಾಲೀಕರಿಗೆ 'ಡಿಸ್ಕ್ ಹೋಗಿದೆ' ಅಂತಲೇ ಹೇಳಿದ್ದಾರೆ.

| ಅಳತೆ | ಮೊದಲ ಕಾರು | ಎರಡನೇ ಕಾರು |
|---|---|---|
| ಎಡ ಡಿಸ್ಕ್ ಸರಾಸರಿ ದಪ್ಪ | 28.92 ಮಿ.ಮೀ. | 29.62 ಮಿ.ಮೀ. |
| ಬಲ ಡಿಸ್ಕ್ ಸರಾಸರಿ ದಪ್ಪ | 28.46 ಮಿ.ಮೀ. | 29.63 ಮಿ.ಮೀ. |
| ಸುತ್ತಿನಲ್ಲಿ ದಪ್ಪದ ಗರಿಷ್ಠ ವ್ಯತ್ಯಾಸ | 4 ಮೈಕ್ರಾನ್ | ಎಡಕ್ಕೆ 24 ಮೈಕ್ರಾನ್ |
| ಓಲಾಟ | 0.03 ಮಿ.ಮೀ. | ಎಡಕ್ಕೆ 0.09 ಮಿ.ಮೀ. |
| ಬಲ ಚಕ್ರದ ಒಳ ಪ್ಯಾಡ್ / ಹೊರ ಪ್ಯಾಡ್ | 3 / 7 ಮಿ.ಮೀ. | 9 / 9 ಮಿ.ಮೀ. |

ಮೊದಲ ಕಾರು: ಎಡ ಡಿಸ್ಕ್ 1.08 ಸವೆದಿದೆ, ಬಲ 1.54, ಅಂದರೆ ಶೇ. 43 ಹೆಚ್ಚು. ಪ್ಯಾಡ್‌ಗಳೂ ಅದೇ ಕಥೆ ಹೇಳುತ್ತಿವೆ. ಬಲ ಕ್ಯಾಲಿಪರ್‌ನ ಪಿನ್ ಜಾಮ್ ಆಗಿದೆ. ಬಲ ಡಿಸ್ಕ್‌ಗೆ ಉಳಿದಿರುವುದು 0.06 ಮಿ.ಮೀ. ಮಾತ್ರ, ಬದಲಾಯಿಸಲೇಬೇಕು. ಎರಡೂ ಕಡೆ ಹಿಡಿತ ಸಮ ಇರಬೇಕಾದ್ದರಿಂದ ಎಡದ್ದೂ ಜೊತೆಗೇ ಬದಲಾಗಬೇಕು. ಆದರೆ ಪಿನ್ ರಿಪೇರಿ ಮೊದಲು. ಎಡದ ಡಿಸ್ಕ್‌ನಲ್ಲಿ ಉಳಿದಿದ್ದ ಮೂರನೇ ಒಂದು ಭಾಗ ಆಯುಷ್ಯ ವ್ಯರ್ಥವಾಗಿದ್ದು ಸ್ವಲ್ಪ ಗ್ರೀಸ್ ಇಲ್ಲದ್ದಕ್ಕೆ.

ಎರಡನೇ ಕಾರು: ಸವೆತ 0.4 ಮಿ.ಮೀ.ಗೂ ಕಡಿಮೆ. ಆಯುಷ್ಯದ ಮುಕ್ಕಾಲು ಭಾಗ ಹಾಗೇ ಇದೆ. ನಡುಕ ಇರುವುದು ನಿಜ, ಕಾರಣ ಓಲಾಟ. ಹಬ್‌ನ ತುಕ್ಕು ಬ್ರಷ್‌ನಿಂದ ಶುದ್ಧ ಮಾಡಿ ಮತ್ತೆ ಓಲಾಟ ಅಳೆಯಬೇಕು, ಮಿತಿಯೊಳಗೆ ಬಂದರೆ ಡಿಸ್ಕನ್ನು ಮುಖಕ್ಕೆ 0.05ರಂತೆ ಸವರಿಸಬಹುದು. ಆಗಲೂ 29.5 ಉಳಿಯುತ್ತದೆ. ತಯಾರಕರ ಕೈಪಿಡಿ ಸವರಲು ಒಪ್ಪುತ್ತದೆಯೇ ಅಂತ ಮೊದಲು ನೋಡಿಕೊಳ್ಳಬೇಕು. ಹಬ್ ಶುದ್ಧ ಮಾಡದೆ ಹೊಸ ಡಿಸ್ಕ್ ಹಾಕಿದ್ದರೆ? ಕೆಲವು ಸಾವಿರ ಕಿ.ಮೀ. ಕಳೆದು ಅದೇ ನಡುಕ, ಅದೇ ಬಿಲ್ಲು.

ಒಂದೇ ಮಾತು ಕೇಳಿಸಿಕೊಂಡ ಎರಡು ಕಾರುಗಳಿಗೆ ಬೇಕಾಗಿದ್ದ ಮದ್ದು ಪೂರ್ತಿ ಬೇರೆ. ಅಳತೆಗೆ ಬೇಕಾದ್ದು ಅರ್ಧ ಗಂಟೆ.

ಆಯುಷ್ಯ ಹೆಚ್ಚಿಸುವ ಅಭ್ಯಾಸಗಳು

ಘಾಟಿಯಲ್ಲಿ ಮ್ಯಾನುಯಲ್ ಮೋಡ್‌ಗೆ ಹಾಕಿ ಕೆಳಗಿನ ಗೇರ್‌ನಲ್ಲಿ ಇಳಿಯಿರಿ, ಎಂಜಿನ್ ಅರ್ಧ ಭಾರ ಹೊರಲಿ. ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇರುವ ಬದಲು ಒಮ್ಮೆ ಸರಿಯಾಗಿ ಒತ್ತಿ, ವೇಗ ಇಳಿಸಿ, ಪೂರ್ತಿ ಬಿಡಿ. ಹೊಸ ಪ್ಯಾಡ್, ಡಿಸ್ಕ್ ಹಾಕಿದಾಗ ಖಾಲಿ ರಸ್ತೆಯಲ್ಲಿ 60ರಿಂದ 10ಕ್ಕೆ ಮಧ್ಯಮ ಒತ್ತಡದಲ್ಲಿ ಎಂಟು ಹತ್ತು ಸಲ, ಪೂರ್ತಿ ನಿಲ್ಲದೆ, ನಡುನಡುವೆ ತಣ್ಣಗಾಗಲು ಬಿಟ್ಟು ಬ್ರೇಕ್ ಹಾಕಿ ಪದರ ಕೂರಿಸಿ. ವೀಲ್ ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ನಕ್ಷತ್ರದ ಕ್ರಮದಲ್ಲಿ ಬಿಗಿಸಿ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಪಿನ್‌ಗಳನ್ನು ಬಿಚ್ಚಿ ಸರಿಯಾದ ಸಿಲಿಕೋನ್ ಗ್ರೀಸ್ ಹಾಕಿಸಿ.

ಡಿಸ್ಕ್ ಉಳಿಸಲು ಮೆತ್ತಗಿನ ಪ್ಯಾಡ್ ಹಾಕಬಹುದಾ? ಹಾಕಬಹುದು, ಆದರೆ ಬಿಸಿಯಲ್ಲಿ ಅದರ ಹಿಡಿತ ಆ ತೂಕದ ಕಾರಿಗೆ ಸಾಕೇ ಅನ್ನೋದು ಮುಖ್ಯ. ಬದಲಿ ಪ್ಯಾಡ್‌ನ ಬ್ರೇಕಿಂಗ್ ಗುಣ ಮೂಲ ಪ್ಯಾಡ್‌ಗಿಂತ ಶೇ. 15ಕ್ಕಿಂತ ಹೆಚ್ಚು ಅತ್ತಿತ್ತ ಆಗಬಾರದು ಅನ್ನುವುದು ವಿಶ್ವಸಂಸ್ಥೆಯ ರೆಗ್ಯುಲೇಶನ್ 90ರ ನಿಯಮ. ಆ ಗುರುತು ಇರುವ ಪ್ಯಾಡ್ ಆರಿಸಿ. ಡಿಸ್ಕ್ ಉಳಿಸಲು ಹೋಗಿ ನಿಲ್ಲುವ ದೂರ ಹೆಚ್ಚಿಸಿಕೊಂಡರೆ ಅದಕ್ಕಿಂತ ದುಬಾರಿ ಉಳಿತಾಯ ಬೇರೆ ಇಲ್ಲ.

ಮುಂದೇನು?

ಸವೆದ ಕಬ್ಬಿಣದ ಒಂದು ಪಾಲು ನಾವು ಉಸಿರಾಡುವ ಗಾಳಿಗೆ ಸೇರುತ್ತದೆ. 2024ರಲ್ಲಿ ಅಂಗೀಕಾರವಾದ ಯುರೋಪಿನ ಯೂರೋ 7 ನಿಯಮ ಮೊದಲ ಬಾರಿಗೆ ಸೈಲೆನ್ಸರ್ ಹೊಗೆಯ ಜೊತೆ ಬ್ರೇಕ್ ಧೂಳಿಗೂ ಮಿತಿ ಹಾಕಿದೆ. ಪೋರ್ಷೆ 2017ರಲ್ಲೇ ಕಯೆನ್ ಕಾರಿನೊಂದಿಗೆ ಟಂಗ್‌ಸ್ಟನ್ ಕಾರ್ಬೈಡ್ ಲೇಪನದ ಬೀಡುಕಬ್ಬಿಣದ ಡಿಸ್ಕ್ ತಂದಿತು. ಆರ್ಚರ್ಡ್ ಸೂತ್ರದಲ್ಲಿ ಗಡಸುತನ ಕೆಳಗಿನ ಸಾಲಿನಲ್ಲಿದೆ ಅನ್ನುವುದನ್ನು ಹಾಗೇ ಕಾರಿಗೆ ಇಳಿಸಿದ ಉದಾಹರಣೆ ಅದು. ಎಲೆಕ್ಟ್ರಿಕ್ ಕಾರುಗಳಲ್ಲಿ ಸಮಸ್ಯೆ ಉಲ್ಟಾ. ಮೋಟರೇ ಬ್ರೇಕ್ ಕೆಲಸ ಮಾಡುವುದರಿಂದ ಡಿಸ್ಕ್ ಬಳಕೆಯಿಲ್ಲದೆ ತುಕ್ಕು ಹಿಡಿಯುತ್ತದೆ. ಅದಕ್ಕೇ ಆಡಿ ಕ್ಯೂ4 ಇ-ಟ್ರಾನ್‌ನಂಥ ಕಾರು ಹಿಂದಿನ ಚಕ್ರಕ್ಕೆ ಮತ್ತೆ ಡ್ರಮ್ ಬ್ರೇಕ್ ಹಾಕಿಕೊಂಡಿದೆ. ಹಳೆಯದು ಯಾವಾಗ ಹೊಸದಾಗುತ್ತದೋ ಹೇಳೋಕಾಗಲ್ಲ!

ನೀವೇ ಮಾಡಿ ನೋಡಿ

1. ಮೂರನೇ ಕಾರಿನ ಡಿಸ್ಕ್ 24,000 ಕಿ.ಮೀ.ಗೆ 30.0ರಿಂದ 29.2 ಆಗಿದೆ. ಇದೇ ರೀತಿ ಓಡಿಸಿದರೆ 28.4 ತಲುಪುವುದು ಯಾವಾಗ? ಮಾಲೀಕ ಹೆದ್ದಾರಿ ಬಿಟ್ಟು ನಗರದೊಳಗೇ ಓಡಿಸಲು ಶುರು ಮಾಡಿದರೆ ಉತ್ತರ ಯಾವ ಕಡೆ ಬದಲಾಗುತ್ತದೆ?
2. ಡಿಸ್ಕ್‌ನ ಓಲಾಟ 0.08 ಮಿ.ಮೀ. ಇದೆ. ಡಿಸ್ಕನ್ನು ಹಬ್ ಮೇಲೆ ಒಂದು ಬೋಲ್ಟ್ ತೂತಿನಷ್ಟು ತಿರುಗಿಸಿ ಕೂರಿಸಿದರೆ ಗರಿಷ್ಠ ಓಲಾಟದ ಜಾಗ ಡಿಸ್ಕ್ ಜೊತೆ ತಿರುಗಿತು. ತಪ್ಪು ಡಿಸ್ಕ್‌ನದ್ದೋ ಹಬ್‌ನದ್ದೋ?
3. ವರ್ಕ್‌ಶಾಪ್‌ನಲ್ಲಿ ಕಟ್ ಸೆಕ್ಷನ್‌ಗೆ ಇಟ್ಟಿರುವ ಯಾವುದಾದರೂ ಹಳೆಯ ಡಿಸ್ಕ್ ಅನ್ನು 8 ಕಡೆ ಅಳೆದು, ಅದು ಮೂರರಲ್ಲಿ ಯಾವ ಕಾಯಿಲೆಯಿಂದ ಸತ್ತಿದೆ ಅಂತ ಒಂದು ಪುಟ ಬರೆಯಿರಿ.

ನಾಳೆ ನಮ್ಮಲ್ಲಿ ಕೆಲವರು ಸರ್ವಿಸ್ ಕೌಂಟರ್‌ನ ಆ ಕಡೆ ಕೂರುತ್ತೇವೆ, ಕೆಲವರು ಈ ಕಡೆ ನಿಲ್ಲುತ್ತೇವೆ. ಯಾವ ಕಡೆ ಇದ್ದರೂ ಕೇಳಬೇಕಾದ ಪ್ರಶ್ನೆ ಒಂದೇ: "ದಪ್ಪ ಎಷ್ಟು ಬಂತು, ಓಲಾಟ ಎಷ್ಟು ಬಂತು?" ಅದಕ್ಕೆ ಸಂಖ್ಯೆಯಲ್ಲಿ ಉತ್ತರ ಸಿಕ್ಕ ಮೇಲೆ ಡಿಸ್ಕ್ ಬದಲಾಯಿಸಬೇಕೋ ಬೇಡವೋ ಅನ್ನೋದು ಚರ್ಚೆಯ ವಿಷಯವಾಗಿ ಉಳಿಯುವುದಿಲ್ಲ.